ನಾಕನೇ ಹಲ್ಲು

ಒಂದು ಸಲ, ಒಂದೇ ಸಲ, ನಾ ಹಿಂದ ಕುಂತಿದ್ದೆ.
ಮುಂಗೈ ಉಳುಕಿತ್ತು, ತಮ್ಮ ಮೌನೇಶ ಗಾಡಿ ಹೊಡದ,
ಸಂತೆಕೆಲ್ಲೂರಿಂದ ಮಸ್ಕಿ ತನಕ,
ನನ್ನ ತೊಡಿ ಮ್ಯಾಲ ಮುನ್ನೂರು ಕಟಕ ರೊಟ್ಟಿ ಗಂಟು.

ಎರಿಮಣ್ಣಿನ ಹಾದಿ. ಬ್ಯಾಸಿಗ್ಯಾಗ ಬಿರೀತದ,
ಮಳಿ ಬಂದ್ರ ಉಬ್ಬತದ,
ಮ್ಯಾಲ ಹಾಸಿದ ಡಾಂಬರಿಗೆ ಒಂದು ದಿನಾನೂ ನಿದ್ದಿ ಇಲ್ಲ.
ಹಳ್ಳದ ಸೇತುವಿ ದಾಟಾದ್ರಾಗ
ನನ್ನ ಬೆನ್ನಾಗ ಯಾರೋ ಒನಕಿ ಹಾಕಿ ಕುಟ್ಟಿದ್ರು.

ಒಂಬತ್ತು ವರ್ಷ ಅಂಬಮ್ಮ ಇಲ್ಲೇ ಕುಂತಿದ್ಲು.
"ಸೊಂಟ ನೋಯ್ತದ" ಅಂದಿದ್ಲು.
ನಾ ಮುಲಾಮು ತಂದಿದ್ದೆ.

ಖಾನಾವಳಿ ಅಮರಯ್ಯ ಗಂಟು ಬಿಚ್ಚಿ ಎಣಿಸಾಂವ:
ಇಡೀವು ಆ ಕಡೆ, ಮುರುಕು ಈ ಕಡೆ.
ಇಡೀದಕ್ಕ ರೊಕ್ಕ. ಮುರುಕು ವಾಪಸ್ ಮನಿಗೆ,
ಮೊಸರಾಗ, ಶೇಂಗಾ ಹಿಂಡ್ಯಾಗ, ರಾತ್ರಿ ಗಂಗಾಳಕ್ಕ.
ನಲವತ್ತೇ ಮುರುದ್ರ ಅವತ್ತು ಒಳ್ಳೆ ದಿನ.

ರಾಯಚೂರು, ತೀನ್ ಕಂದೀಲಿನ ಹಿಂದ,
ಹಳೇ ಸಾಮಾನಿನ ಖಾಜಾಹುಸೇನ
ಯಾವುದೋ ದೊಡ್ಡ ಗಾಡೀದು ಒಂದು ಜೋಡಿ ತಗದ ಕೊಟ್ಟ:
ಕೆಂಪು ಸ್ಪ್ರಿಂಗು, ಬೆನ್ನಿಗೆ ಗ್ಯಾಸಿನ ಪುಟ್ಟ ಡಬ್ಬಿ.
"ತೊಟ್ಲ ಇದ್ದಂಗ ಇದು" ಅಂದ.
ಅಷ್ಟು ಬ್ಯಾಡ, ರೊಟ್ಟಿ ಉಳದ್ರ ಸಾಕು ಅಂದೆ.

ಅಮಾಸಿ, ಖಾನಾವಳಿ ಬಂದ್. ಅಂಗಳದಾಗ ಡಬಲ್ ಸ್ಟ್ಯಾಂಡ್ ಹಾಕಿ
ಸೀಟು ಬಿಚ್ಚಿದ್ರ ಜ್ವಾಳದ ಹಿಟ್ಟು, ಒಂಬತ್ತು ವರ್ಷದ್ದು,
ಗ್ರೀಸಿನಾಗ ಕಲಿಸಿ ನಾದಿದಂಗ.
ಕೆಳಗಿನ ನಟ್ಟು ಜಪ್ಪಯ್ಯ ಅನ್ಲಿಲ್ಲ.
ಸೀಮೆಎಣ್ಣಿ ಹಾಕಿ, ಚಾ ಕುಡುದು, ಮತ್ತ ಸೀಮೆಎಣ್ಣಿ,
ಪಾನಾಕ್ಕ ನೀರಿನ ಪೈಪಿನ ತುಂಡು ತೊಡಿಸಿ
ಮೌನೇಶ ಅದರ ಮ್ಯಾಲೇ ನಿಂತ. ಕಿರ್ರ್ ಅಂತು.
ಹಳೇದರಾಗ ಎಣ್ಣಿ ಎಂದೋ ಸೋರಿ ಹೋಗಿತ್ತು,
ರಾಡಿಗೆ ಎರಿಮಣ್ಣು ಮೆತ್ತಿ ಒಣಗಿತ್ತು.

ಒಂದು ಕಡೀದು ಹಾಕೇ ಇನ್ನೊಂದು ಬಿಚ್ಚು ಅಂದಿದ್ದ ಖಾಜಾ.
ನಾ ಮರತೆ. ಗಾಲಿ ದಪ್ ಅಂತ ಕೆಳಗ ಇಳೀತು.
ಅಂಬಮ್ಮ ಏನೂ ಅನ್ಲಿಲ್ಲ,
ಗ್ವಾಡಿಗೆ ಬೆನ್ನು ಕೊಟ್ಟು ಕುಂತು
ಎರಡೂ ಕಾಲಿಂದ ಗಾಲಿ ಎತ್ತಿ ಹಿಡದ್ಲು,
ನಾ ತೂತಿಗೆ ತೂತು ಕೂಡ್ಸಾ ತನಕ.
ಬುಷ್ ದೊಡ್ಡದಾತು. ಮೌನೇಶ ಸೈಕಲ್ ಮ್ಯಾಲ ಲೇಥಿಗೆ ಹೋಗಿ
ಕಡಿಸಿಕೊಂಡು ಬರಾದ್ರಾಗ ಹೊತ್ತು ಮುಣುಗಿತ್ತು.

ಸ್ಪ್ರಿಂಗಿನ ಬುಡದಾಗ ಐದು ಹಲ್ಲು, ತಿರುವಿದಷ್ಟು ಬಿಗಿ.
"ಎಷ್ಟನೇದಕ್ಕ ಇಡ್ಲಿ?"
ಕಡ್ಲಿ ಚೀಲ ತೊಡಿ ಮ್ಯಾಲ ಇಟ್ಕೊಂಡು ಅಕಿ ಹತ್ತಿ ಕುಂತ್ಲು,
ಒಂದಕ್ಕ, ಇಳುದು ಎರಡಕ್ಕ, ಇಳುದು ಮೂರಕ್ಕ,
ನಾಕನೇದಕ್ಕ ಕಣ್ಣು ಮುಚ್ಚಿ "ಹಿಂಗಿರ್ಲಿ" ಅಂದ್ಲು.
ಮದುವ್ಯಾದಾಗಿಂದ ಅಕಿ ತೂಕ
ನಾ ಕೇಳಿದ್ದು ಅವತ್ತೇ.

ಮರುದಿನ ಅಮರಯ್ಯ ಎಣಿಸಿದ. ಮತ್ತ ಎಣಿಸಿದ.
ಮುನ್ನೂರಕ್ಕ ಮೂರು.
"ಯಾರ ಕಾರಿನ್ಯಾಗ ಬಂದ್ರಿ?" ಅಂದ.

ಗಾಡಿ ಈಗ ಎರಡು ಬೆರಳು ಎತ್ರ.
ಸೈಡ್ ಸ್ಟ್ಯಾಂಡಿಗೆ ವಾಲ್ತದ, ಕೆಳಗ ಹೆಂಚಿನ ಚೂರು ಇಡ್ತೀನಿ.
ಒಬ್ನೇ ಹೊಂಟ್ರ ಒದೀತದ.
ಗಿರಣಿಗೆ ಹೋಗಿ ಬರಾದ್ರಾಗ
ನನ್ನ ಹಲ್ಲಿಗೆ ಹಲ್ಲು ಬಡೀತಾವ.
ಎರಡು ಹಲ್ಲು ಸಡಿಲ ಮಾಡಬಹುದು,
ಪಾನಾ ಕಿಟಕ್ಯಾಗೇ ಅದ.
ಇರ್ಲಿ.

ರಾತ್ರಿ ಮಗಳು ಹುಲಿಗೆಮ್ಮ ಗಂಗಾಳ ಮುಂದಿಟ್ಕೊಂಡು
"ಮುರುಕು ಎಲ್ಲವ್ವ?" ಅಂದ್ಲು.
ಅಂಬಮ್ಮ ನನ್ನ ಕಡೆ ನೋಡಿದ್ಲು,
ನಾಳಿನ ಗಂಟು ಬಿಚ್ಚಿ
ಮ್ಯಾಗಿಂದೊಂದು ಇಡೀ ರೊಟ್ಟಿ, ಅಮರಯ್ಯನ ಲೆಕ್ಕದ್ದು,
ಮೊಣಕಾಲಿಗೆ ಕುಟ್ಟಿ ಮುರುದ್ಲು.
ಮತ್ತೊಂದು.